ಕಾನು ಯಾರದು? ಮಲೆನಾಡಿನ ಹಳೆಯ ಕಾಡುಗಳ ಒಡೆತನದ ಚರಿತ್ರೆ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಕ್ರಯಪತ್ರದ ನಕಲನ್ನು ಹಿಡಿದು ಮನೆಗೆ ಬಂದರು. ಸಿದ್ದಾಪುರದ ಕಡೆ ಒಂದೂವರೆ ಎಕರೆ ಅಡಕೆ ತೋಟ ಮಾರಾಟಕ್ಕಿತ್ತು. ತೋಟದ ತಲೆಯ ಮೇಲೆ ಮೂರು ಎಕರೆಯಷ್ಟು ದಟ್ಟವಾದ ಹಳೆಯ ಕಾನು. ಅವರಿಗೆ ತೋಟಕ್ಕಿಂತಲೂ ಆ ಕಾನಿನ ಮೇಲೆಯೇ ಹೆಚ್ಚು ಮನಸ್ಸು. ಅದನ್ನು ಕಡಿಯದೆ, ಕಡಿಯಗೊಡದೆ, ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ಅವರ ಆಸೆ. "ತೋಟದ ಜೊತೆಗೆ ಕಾನೂ ನಿಮ್ಮದೇ" ಎಂದು ಮಧ್ಯವರ್ತಿ ಹೇಳಿದ್ದನಂತೆ. ಕಾನಿನ ದೊಡ್ಡ ಮರಗಳನ್ನು ಎಣಿಸಿ, ಅವುಗಳ ಬೆಲೆಯನ್ನೂ ಸೇರಿಸಿ ಕ್ರಯ ಹೇಳಿದ್ದನಂತೆ. ಹಳೆಯ ಬರವಣಿಗೆ ಓದಲು ತೊಡಕಾದ್ದರಿಂದ ಪತ್ರವನ್ನು ನನ್ನ ಬಳಿ ತಂದಿದ್ದರು.

ಪತ್ರವನ್ನು ಎರಡು ಬಾರಿ ಓದಿದೆ. ಮಾರಾಟವಾದ ಸ್ವತ್ತಿನ ವಿವರದಲ್ಲಿ ತೋಟವಿದೆ, ತೋಟಕ್ಕೆ ಬರುವ ನೀರಿನ ಕಾಲುವೆಯಿದೆ, ಅಡಕೆ ಮತ್ತು ಬಾಳೆಯ ಗಿಡಗಳಿವೆ. ಕಾನು ಅಲ್ಲಿಲ್ಲ. ಅದು ಬರುವುದು ಚೆಕ್ಕುಬಂದಿಯಲ್ಲಿ. ತೋಟದ ಪೂರ್ವಕ್ಕೆ ಚೌಡಿಯ ಕಾನು ಎಂದು. ಮುಂದೆ ಇನ್ನೊಂದು ಕಡೆ, ತೋಟವನ್ನು ಅನುಭವಿಸುವವರು ವರ್ಷಕ್ಕೊಮ್ಮೆ ಚೌಡಿಗೆ ಕಾಯಿ ಒಪ್ಪಿಸಬೇಕೆಂಬ ಮಾತಿದೆ. ಇಷ್ಟೇ. ಎಂದರೆ ಕಾನು ಈ ಪತ್ರದಲ್ಲಿ ಒಂದು ಎಲ್ಲೆಯಾಗಿ ಮತ್ತು ಒಂದು ಕರ್ತವ್ಯಕ್ಕೆ ಕಾರಣವಾಗಿ ಬಂದಿದೆಯೇ ಹೊರತು ಸ್ವತ್ತಾಗಿ ಬಂದಿಲ್ಲ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸರ್, ಈ ಕಾನು ಯಾರದು?" ಎಂದು ಕೇಳಿದರು. ಆ ದಿನ ನನ್ನಿಂದ ಒಂದು ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯ ಬೆನ್ನು ಹತ್ತಿ ಹೋದುದರ ಫಲ.

ಶಬ್ದ ಮತ್ತು ವಸ್ತು

ಕಾನ್, ಕಾನು, ಕಾನ ಎಂಬ ರೂಪಗಳು ದ್ರಾವಿಡ ಭಾಷೆಗಳಲ್ಲಿ ಕಾಡೆಂಬ ಅರ್ಥದಲ್ಲಿ ಬಹು ಹಿಂದಿನಿಂದ ಇವೆ. ಸಂಸ್ಕೃತದ 'ಕಾನನ' ಶಬ್ದವು ದ್ರಾವಿಡದಿಂದ ಹೋದುದೆಂದು ಕೆಲವು ಭಾಷಾಶಾಸ್ತ್ರಜ್ಞರು ಅಭಿಪ್ರಾಯಪಟ್ಟಿದ್ದಾರೆ. ಕಾನಸೂರು, ಕಾನಗೋಡು, ಕಾನ್ಲೆ ಮೊದಲಾದ ಊರ ಹೆಸರುಗಳು ಮಲೆನಾಡಿನ ಉದ್ದಕ್ಕೂ ದೊರೆಯುತ್ತವೆ. ಕುವೆಂಪು ಅವರು 1936ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರಿನಲ್ಲಿಯೂ ಇಂಥ ಒಂದು ಊರಿದೆ. ಜೈನ ಶಾಸನಗಳಲ್ಲಿ ಬರುವ ಕಾಣೂರ್ಗಣ ಅಥವಾ ಕ್ರಾಣೂರ್ಗಣದ ಹೆಸರನ್ನು ಇದರೊಂದಿಗೆ ತಳಕು ಹಾಕಲು ಮನಸ್ಸಾಗಬಹುದು. ಆದರೆ ಅಲ್ಲಿರುವುದು ಣಕಾರ, ಜೊತೆಗೆ ಆದಿಯಲ್ಲಿ ರೇಫ ಸೇರಿದ ರೂಪವೂ ಇದೆ. ಕೇವಲ ಧ್ವನಿಸಾಮ್ಯವನ್ನು ನಂಬಿ ನಿರ್ಣಯಕ್ಕೆ ಬರುವುದು ಸಾಧುವಲ್ಲ.

ಮಲೆನಾಡಿನ ಬಳಕೆಯಲ್ಲಿ ಕಾಡು ಮತ್ತು ಕಾನು ಒಂದೇ ಅಲ್ಲ ಎಂಬುದು ಗಮನಾರ್ಹ. ಕಾಡು ಸಾಮಾನ್ಯ ಶಬ್ದ. ಕಾನು ಎಂದರೆ ಊರಿನ ಎಲ್ಲೆಯೊಳಗೆ, ಗದ್ದೆ ತೋಟಗಳ ಮೇಲ್ಭಾಗದಲ್ಲಿ, ತಲೆಮಾರುಗಳಿಂದ ಕಡಿಯದೆ ಬಿಟ್ಟ ನಿತ್ಯಹಸಿರಿನ ಕಾಡು. ಸುತ್ತಲಿನ ಗುಡ್ಡಗಳು ಎಲೆಯುದುರಿ ಬೋಳಾಗಿ ನಿಂತಾಗಲೂ ಕಾನಿನೊಳಗೆ ನೆರಳು ತಪ್ಪುವುದಿಲ್ಲ. ರಾಮಪತ್ರೆ, ಮುರುಗಲು, ಉಪ್ಪಾಗೆ, ವಾಟೆ, ಧೂಪ, ಬಗನಿ, ಕಾಡುದಾಲ್ಚಿನ್ನಿ, ಮರಕ್ಕೆ ಹಬ್ಬಿದ ಕಾಳುಮೆಣಸು ಇವು ಅದರ ಸಂಪತ್ತು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕಂತೆ ಹಗಲಿನಲ್ಲಿಯೂ ಮಬ್ಬುಗತ್ತಲೆಯದು. ಅಲ್ಲಿನ ಜೌಗಿನಲ್ಲಿ ಮಂಡಿಯಂತೆ ಮಡಿದ ಬೇರುಗಳನ್ನು ನೀರಿನ ಮೇಲಕ್ಕೆತ್ತಿ ನಿಂತ ಕಾಡುಜಾಯಿಕಾಯಿ ಜಾತಿಯ ಮರಗಳಿವೆ. 2000ದಲ್ಲಿ ಅಲ್ಲಿಂದ ಸಸ್ಯವಿಜ್ಞಾನಿಗಳು ಹೊಸದೊಂದು ಮರದ ಜಾತಿಯನ್ನು ಗುರುತಿಸಿ, ಆ ಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಇಂಥ ಜೌಗುಗಾಡು ಒಂದು ತಲೆಮಾರಿನಲ್ಲಿ ಬೆಳೆದು ನಿಲ್ಲುವಂಥದಲ್ಲ.

ನಮ್ಮ ಕಾವ್ಯಗಳಲ್ಲಿ ವನವರ್ಣನೆಗೆ ಕೊರತೆಯಿಲ್ಲ. ಅಲ್ಲಿ ಬರುವುದು ಸಾಮಾನ್ಯವಾಗಿ ಕ್ರೀಡೆಗೆ ಒದಗುವ ಉಪವನ, ಬೇಟೆಗೆ ಒದಗುವ ಅಡವಿ, ಇಲ್ಲವೇ ಖಾಂಡವದಂತೆ ದಹನಕ್ಕೆ ಒದಗುವ ಮಹಾರಣ್ಯ. ಬನವಾಸಿಯನ್ನು ಮನದುಂಬಿ ನೆನೆದ ಪಂಪನ ಕಣ್ಣಿಗೂ ಮುಖ್ಯವಾಗಿ ಕಂಡದ್ದು ಮಾವು, ಮಲ್ಲಿಗೆ, ಕೋಗಿಲೆಗಳ ನಾಡು. ರೈತನ ಮನೆಯ ಹಿಂದಿನ ನಾಲ್ಕೆಂಟು ಎಕರೆಯ ಕಾನು ಕಾವ್ಯದ ವಸ್ತುವಾಗಲಿಲ್ಲ. ಅದನ್ನು ಹುಡುಕಬೇಕಾದದ್ದು ಶಾಸನಗಳ ಮತ್ತು ಕಾಗದಪತ್ರಗಳ ಎಲ್ಲೆಯ ಸಾಲುಗಳಲ್ಲಿ.

ಅಷ್ಟಭೋಗವೂ ಮರವೂ

ಭೂದಾನದ ಶಾಸನಗಳಲ್ಲಿ ಅಷ್ಟಭೋಗ ತೇಜಃಸ್ವಾಮ್ಯವೆಂಬ ಮಾತು ಪದೇಪದೇ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳಲ್ಲಿ ನೆಲದೊಳಗಿನ ಹೂಳು, ನೀರು, ಕಲ್ಲು, ಈಗಿನ ಮತ್ತು ಮುಂದಿನ ಆದಾಯ ಎಲ್ಲವೂ ಸೇರಿವೆ. ಮರಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಆದರೆ ವಿಜಯನಗರದ ತಾಮ್ರಪಟಗಳ ಸಂಸ್ಕೃತ ಒಕ್ಕಣೆಯಲ್ಲಿ ಈ ಎಂಟರ ಬಳಿಕ 'ಸಭೂರುಹ', ಎಂದರೆ ಮರಗಳಿಂದ ಸಹಿತವಾದ, ಎಂಬ ವಿಶೇಷಣ ಬರುತ್ತದೆ. ಅದರ ಹಿಂದುಮುಂದೆಯೇ ಆ ಭೂಮಿಯು ದಾನ, ಆಧಮನ, ವಿಕ್ರಯಗಳಿಗೆ ಯೋಗ್ಯವೆಂಬ ಮಾತೂ ಇರುತ್ತದೆ. ಕೊಡಬಹುದು, ಒತ್ತೆಯಿಡಬಹುದು, ಮಾರಬಹುದು. ಆದ್ದರಿಂದ ಮರಸಹಿತವಾದ ನೆಲವನ್ನು ಮಾರುವ ಕಲ್ಪನೆಯೇ ನಮ್ಮಲ್ಲಿರಲಿಲ್ಲ, ಅದು ಬ್ರಿಟಿಷರಿಂದ ಬಂದುದು ಎಂದು ಕೆಲವರು ಹೇಳುವುದು ಸರಿಯಲ್ಲ.

ಹಾಗೆಂದು ಇಂದಿನ ನೋಂದಣಿ ಕಚೇರಿಯ ಒಡೆತನವೇ ಅಂದೂ ಇತ್ತೆನ್ನುವುದೂ ಸರಿಯಲ್ಲ. ಶಾಸನವು ಎಣಿಸುವುದು ಭೋಗಗಳನ್ನು. ನೆಲ ಒಂದೇ ಆದರೂ ಅದರ ಭೋಗಗಳು ಹಲವು. ಅವು ಹಲವರಲ್ಲಿ ಹಂಚಿಹೋಗಬಹುದು. ಒಬ್ಬನಿಗೆ ದಾನವಾಗಿ ಬಂದ ಗದ್ದೆಯ ಸಿದ್ಧಾಯ ದೇವಾಲಯಕ್ಕೋ ಬಸದಿಗೋ ಸಲ್ಲಬಹುದು. ಉಳುವ ಹಕ್ಕು ಒಕ್ಕಲಿನದಾಗಿರಬಹುದು.

ಈ ಸಂದರ್ಭದಲ್ಲಿ ಜೈನ ಶ್ರಾವಕಾಚಾರದ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಪರಿಗ್ರಹಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿ ಕ್ಷೇತ್ರ, ವಾಸ್ತುಗಳಿಂದ ತೊಡಗುತ್ತದೆ. ಕ್ಷೇತ್ರವೆಂದರೆ ಸಸ್ಯಕ್ಕೆ ಅಧಿಕರಣವಾದುದು, ಎಂದರೆ ಬೆಳೆಯ ನೆಲ ಎಂದು ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಅರ್ಥ ಹೇಳುತ್ತಾರೆ. ಆ ಪಟ್ಟಿಯಲ್ಲಿ ವನವೆಂಬ ಪ್ರತ್ಯೇಕ ಹೆಸರಿಲ್ಲ. ವನ ಬರುವುದು ಬೇರೊಂದು ಕಡೆ. ಶ್ರಾವಕನು ತೊರೆಯಬೇಕಾದ 15 ಕರ್ಮಾದಾನಗಳಲ್ಲಿ ಅಂಗಾರಕರ್ಮದ ಪಕ್ಕದಲ್ಲಿ, ವನಕರ್ಮವೆಂಬ ಹೆಸರಿನಲ್ಲಿ. ಕಾಡು ಕಡಿದು ಮಾರುವ ಜೀವನೋಪಾಯ ಅದು. ಸ್ವತ್ತಿನ ಪಟ್ಟಿಯಲ್ಲಿ ಹೆಸರಿಸದ ವನವನ್ನು ನಿಷಿದ್ಧ ವೃತ್ತಿಗಳ ಪಟ್ಟಿಯಲ್ಲಿ ಹೆಸರಿಸಿರುವುದನ್ನು ನೋಡಿದರೆ, ಆಚಾರ್ಯರ ಗಮನವು ಕಾಡು ಯಾರದೆಂಬುದಕ್ಕಿಂತ ಕಾಡನ್ನು ಏನು ಮಾಡಲಾಗುತ್ತಿದೆ ಎಂಬುದರ ಮೇಲಿತ್ತೆಂದು ತೋರುತ್ತದೆ.

ಮೆಣಸು, ನೀರು, ದೇವರು

ಕಾನುಗಳು ಉಳಿದುದು ಕೇವಲ ಭಕ್ತಿಯಿಂದಲ್ಲ. ಅವುಗಳಿಂದ ಬರುತ್ತಿದ್ದ ಆದಾಯವೂ ಕಾರಣ. ಅದರಲ್ಲಿ ಮುಖ್ಯವಾದುದು ಕಾಳುಮೆಣಸು. 16ನೆಯ ಶತಮಾನದ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಗೇರುಸೊಪ್ಪೆಯ ಚತುರ್ಮುಖ ಬಸದಿಯ ಮುಂದೆ ನಿಂತವರಿಗೆ ಅದನ್ನು ಕಟ್ಟಲು ಬೇಕಾದ ಸಂಪತ್ತು ಈ ಕಾಡಿನ ನಡುವೆ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಉತ್ತರದ ಒಂದು ಭಾಗ ಸುತ್ತಲಿನ ಕಾಡಿನಲ್ಲಿಯೇ ಇದೆ. ಘಟ್ಟದ ಮೇಲೂ ಕೆಳಗೂ ಮೆಣಸಿನ ಬಳ್ಳಿ ಹಬ್ಬಲು ನೆರಳಿನ ಮರ ಬೇಕು, ತೇವ ಬೇಕು. ಎರಡನ್ನೂ ಕಾನು ಕೊಡುತ್ತಿತ್ತು. ಮರವನ್ನು ಕಡಿದರೆ ಬಳ್ಳಿಯೂ ಹೋಗುತ್ತದೆ. ಹೀಗಾಗಿ ಮೆಣಸಿನ ಲಾಭವೇ ಮರದ ರಕ್ಷಣೆಯಾಯಿತು.

ಎರಡನೆಯದು ನೀರು. ಕಾನಿನ ಬುಡದಲ್ಲಿ ಒರತೆ, ಒರತೆಯ ಕೆಳಗೆ ಕೆರೆ ಅಥವಾ ತೋಟ, ಅದರ ಕೆಳಗೆ ಗದ್ದೆ. ಸೊರಬ, ಸಾಗರ, ಸಿರ್ಸಿ, ಸಿದ್ದಾಪುರಗಳ ಹಳ್ಳಿಗಳ ರಚನೆಯೇ ಹೀಗೆ. 19ನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳೂ ಕಾನು ಇರುವಲ್ಲಿ ಬತ್ತದ ತೊರೆ ಮತ್ತು ಒಳ್ಳೆಯ ತೋಟಗಳಿರುವುದನ್ನು ಗುರುತಿಸಿ ಬರೆದಿದ್ದಾರೆ.

ಮೂರನೆಯದು ದೇವರು. ಚೌಡಿ, ಜಟಕ, ಭೂತಪ್ಪ, ಹುಲಿದೇವರು, ಕಾನಮ್ಮ ಎಂಬ ಹೆಸರಿನ ಕಲ್ಲುಗಳು ಇಲ್ಲದ ಕಾನು ಅಪರೂಪ. ಹೊನ್ನಾವರ ತಾಲ್ಲೂಕಿನ ಕರಿಕಾನ ಪರಮೇಶ್ವರಿಯ ಹೆಸರಿನಲ್ಲಿ ಕಾನು ಇಂದಿಗೂ ಉಳಿದಿದೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಾಡುಗಳು ಆಯಾ ಊರಿನ ದೇವರ ಸ್ವತ್ತೆಂದೂ, ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಕೇಳಿ ದಾಖಲಿಸಿದ್ದಾನೆ. ಅಪ್ಪಣೆಗೆ ಹಣ ಕೊಡಬೇಕಾಗಿರಲಿಲ್ಲ. ಆದರೆ ಕೇಳದೆ ಕಡಿದರೆ ದೇವರು ಶಿಕ್ಷಿಸುತ್ತಾನೆಂಬ ನಂಬಿಕೆಯಿತ್ತು. ಇದೆಲ್ಲವೂ ಸರ್ಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯವೆಂದು ಬುಕಾನನ್ ಭಾವಿಸಿದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಒಡೆಯನು ದೇವರೆಂದ ಮೇಲೆ ಅರಸನೂ ಕೈಹಾಕಲಾರ. ಆದರೆ ಉಳಿದರ್ಧ ಅವನಿಗೆ ಕಾಣಲಿಲ್ಲ: ದೇವರನ್ನು ಒಡೆಯನೆಂದರೆ ಊರಿನ ಬಲಿಷ್ಠನೂ ಕೈಹಾಕಲಾರ. ಈ ಕಟ್ಟು ಅರಸನ ವಿರುದ್ಧವಾಗಿ ಮಾತ್ರವಲ್ಲ, ಊರಿನವರ ಮೇಲೆ ಊರಿನವರೇ ಹಾಕಿಕೊಂಡದ್ದಾಗಿತ್ತು.

ಒಂದೇ ಉತ್ತರವನ್ನು ಬೇಡಿದ ಸರ್ಕಾರ

ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕೆನರಾ ಬ್ರಿಟಿಷರ ಕೈಸೇರಿತು. 1862ರಲ್ಲಿ ಉತ್ತರ ಭಾಗವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹಡಗಿಗೆ, ರೈಲಿಗೆ ಮರ ಬೇಕಾಗಿದ್ದ ಕಾಲ. ಕಾಡಿನ ವಿಚಾರದಲ್ಲಿ ಸರ್ಕಾರ ಕೇಳಿದ ಪ್ರಶ್ನೆ ನನ್ನ ವಿದ್ಯಾರ್ಥಿ ಕೇಳಿದ್ದೇ: ಇದು ಯಾರದು? ವ್ಯತ್ಯಾಸವೆಂದರೆ ಸರ್ಕಾರಕ್ಕೆ ಒಂದೇ ಹೆಸರಿನ ಉತ್ತರ, ಅದೂ ಬರೆಹದಲ್ಲಿ ಬೇಕಾಗಿತ್ತು. ಮೆಣಸು ಒಬ್ಬರದು, ಸೊಪ್ಪು ಮತ್ತೊಬ್ಬರದು, ಬಗನಿಯ ಕಳ್ಳು ಮಗದೊಬ್ಬರದು, ನೆಲ ಚೌಡಿಯದು ಎಂಬ ಉತ್ತರಕ್ಕೆ ಅದರ ದಫ್ತರದಲ್ಲಿ ಜಾಗವಿರಲಿಲ್ಲ.

ಮೈಸೂರು ಸೀಮೆಯಲ್ಲಿ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ಜಂಟಿ ವರದಿ ಸಲ್ಲಿಸಿದರು. ಆ ಒಂದು ತಾಲ್ಲೂಕಿನಲ್ಲಿಯೇ 170ಕ್ಕೂ ಹೆಚ್ಚು ಕಾನುಗಳಿದ್ದವೆಂಬುದು ಆ ವರದಿಯಿಂದ ತಿಳಿಯುತ್ತದೆ. ಅಂದು ಅವು ಊರವರು ಬಳಸುತ್ತ, ಮೆಣಸು ಬೆಳೆಯುತ್ತ, ಕಂದಾಯವನ್ನೂ ಕಟ್ಟುತ್ತ ಬಂದ ಕಾಡುಗಳು. ಕಾಡೆಂದರೆ ಜನರಿಲ್ಲದ ನೆಲವೆಂಬ ಕಲ್ಪನೆಗೆ ಅವು ಹೊಂದುವಂತಿರಲಿಲ್ಲ.

1878ರ ಅರಣ್ಯ ಕಾಯಿದೆ ಕಾಡನ್ನು ಮೀಸಲು, ರಕ್ಷಿತ ಇತ್ಯಾದಿಯಾಗಿ ವಿಂಗಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮರುವರ್ಷ, 1879ರಲ್ಲಿ, ಕೆನರಾ ಅರಣ್ಯ ಪ್ರಕರಣವೆಂದೇ ಪ್ರಸಿದ್ಧವಾದ ದಾವೆಯಲ್ಲಿ ಮುಂಬಯಿ ಹೈಕೋರ್ಟು ಭೂಹಿಡುವಳಿದಾರನು ಕಾಡಿನ ಮೇಲೆ ಹೇಳಿಕೊಂಡ ಸ್ವಾಮ್ಯವನ್ನು ಒಪ್ಪಲಿಲ್ಲ. ಅಲ್ಲಿಂದಾಚೆಗೆ ಉತ್ತರ ಕನ್ನಡದ ರೈತನಿಗೆ ಉಳಿದದ್ದು ಸ್ವಾಮ್ಯವಲ್ಲ, ಸವಲತ್ತು. ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬುದು ಅದರ ಪ್ರಸಿದ್ಧ ರೂಪ. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನಿಂದ 100 ಗಜದೊಳಗಿನ ಕುಮ್ಕಿ, ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಬಾಣೆ. ಮೂರರಲ್ಲಿಯೂ ತತ್ತ್ವ ಒಂದೇ: ಸೊಪ್ಪು, ಸೌದೆ, ಮೇವು ನಿನ್ನದು, ನೆಲ ನಿನ್ನದಲ್ಲ. ಹಲವು ಭೋಗಗಳ ಹಳೆಯ ಗೊಂಚಲು ಇಲ್ಲಿ ಹೊಸ ವೇಷದಲ್ಲಿ ಮುಂದುವರಿಯಿತೆನ್ನಬಹುದು. ಆದರೆ ಒಂದು ಮುಖ್ಯ ವ್ಯತ್ಯಾಸವಾಯಿತು. ಚೌಡಿಯ ಸ್ಥಾನಕ್ಕೆ ಸರ್ಕಾರ ಬಂತು. ಚೌಡಿಗೆ ಮರ ಮಾರುವ ಅಗತ್ಯವಿರಲಿಲ್ಲ, ಸರ್ಕಾರಕ್ಕಿತ್ತು.

ಪರಿಣಾಮವನ್ನು ನನ್ನ ತಾಯಿಯ ತವರಿನಲ್ಲಿ ನಾನೇ ನೋಡಿದ್ದೇನೆ. ಬೆಟ್ಟ ನಮ್ಮದಲ್ಲವೆಂದ ಮೇಲೆ ಊರವರು ಅಗತ್ಯಕ್ಕಿಂತ ಹೆಚ್ಚು ಸೊಪ್ಪು ಸವರಿದರು. ಅವರು ಸವರಿದ್ದರಿಂದ ಬೋಳಾಯಿತೆಂದು ಅಲ್ಲಿ ಅಕೇಶಿಯ ನೆಡಲಾಯಿತು. ನಾನು ಹುಡುಗನಾಗಿದ್ದಾಗ ಉಪ್ಪಾಗೆ ಹಣ್ಣು ಆರಿಸಲು ಹೋಗುತ್ತಿದ್ದ ಕಾನಿನಲ್ಲಿ ಈಗ ನೇರ ಸಾಲಿನ ನೆಡುತೋಪಿದೆ. ಕೆಳಗಿನ ಒರತೆ ಯುಗಾದಿಯ ಹೊತ್ತಿಗೆ ಒಣಗುತ್ತದೆ. ಇದರಲ್ಲಿ ಒಂದೇ ಕಡೆಯವರ ತಪ್ಪಿದೆಯೆಂದು ನನಗೆ ಅನ್ನಿಸುವುದಿಲ್ಲ. ನನ್ನ ಸೋದರಮಾವಂದಿರೂ ಕತ್ತಿ ಹಿಡಿದವರೇ.

ಇಂಗ್ಲೆಂಡಿನ ಒಂದು ಹೋಲಿಕೆ

ಇಂಗ್ಲೆಂಡಿನಲ್ಲಿ 1600ರಿಂದ ಎಡೆಬಿಡದೆ ಕಾಡಾಗಿಯೇ ಉಳಿದ ನೆಲಕ್ಕೆ ಪ್ರಾಚೀನ ಕಾಡು ಎಂಬ ಪಾರಿಭಾಷಿಕ ಹೆಸರಿದೆ. ಸ್ಕಾಟ್ಲೆಂಡಿನಲ್ಲಿ ಈ ಗಡಿ 1750. ಇದನ್ನು ನಿರ್ಣಯಿಸಲು ಹಳೆಯ ನಕ್ಷೆಗಳನ್ನೂ ಪತ್ರಗಳನ್ನೂ ನೆಲದ ಮೇಲಿನ ಹೂಗಿಡಗಳನ್ನೂ ಒಟ್ಟಿಗೆ ಓದುತ್ತಾರೆ. ಆಲಿವರ್ ರ್‍ಯಾಕ್‌ಹ್ಯಾಮ್ ಎಂಬ ವಿದ್ವಾಂಸರು ಈ ಬಗೆಯ ಓದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಅಂಥ ನಾಲ್ಕೆಂಟು ಎಕರೆಯ ಕಾಡನ್ನು ಅಲ್ಲಿನ ಸಾಮಾನ್ಯ ಗೃಹಸ್ಥರು ಇಂದು ಕೊಳ್ಳುತ್ತಾರೆ, ಮಕ್ಕಳಿಗೆ ಬಿಟ್ಟುಹೋಗುತ್ತಾರೆ. ಆದರೂ ಸ್ವಲ್ಪ ಪ್ರಮಾಣವನ್ನು ಮೀರಿ ಮರ ಕಡಿಯಬೇಕಾದರೆ ಪರವಾನಗಿ ಬೇಕು.

ಹೊರನೋಟಕ್ಕೆ ಇದು ನನ್ನ ವಿದ್ಯಾರ್ಥಿ ಬಯಸಿದ್ದೇ ಎನಿಸುತ್ತದೆ. ಆದರೆ ಅಲ್ಲಿಯೂ ಒಡೆತನ ಮೊದಲಿನಿಂದ ಹೀಗೆ ಸರಳವಾಗಿರಲಿಲ್ಲ. ಕಾಡು ಒಡೆಯನದಾದರೂ ಹಂದಿ ಮೇಯಿಸುವ, ಸೌದೆ ತರುವ ಹಕ್ಕುಗಳು ಊರವರಿಗಿದ್ದವು. 1217ರ ಅರಣ್ಯ ಸನ್ನದಿನಲ್ಲಿ ಅಂಥ ಹಕ್ಕುಗಳ ಪ್ರಸ್ತಾಪವಿದೆ. ಮುಂದೆ ಬೇಲಿಗಳೆದ್ದು ಆ ಹಕ್ಕುಗಳಲ್ಲಿ ಬಹುಪಾಲು ಹೋದವು. ಅಲ್ಲಿ ಗೊಂಚಲು ಒಡೆದಾಗ ನೆಲ ಬಹುಮಟ್ಟಿಗೆ ಖಾಸಗಿಯವರಿಗೆ ಹೋಯಿತು, ನಮ್ಮಲ್ಲಿ ಸರ್ಕಾರಕ್ಕೆ ಹೋಯಿತು. ಎರಡೂ ಕಡೆ ಕಳೆದುಕೊಂಡವರು ಬಳಸಿ ಬದುಕುತ್ತಿದ್ದವರು.

1600ರ ಗಡಿಯನ್ನು ನಮ್ಮ ಕಾನುಗಳಿಗೂ ಹಿಡಿದು ನೋಡಬಹುದು. ಅದು ಚೆನ್ನಭೈರಾದೇವಿಯ ಆಳ್ವಿಕೆಯ ಕೊನೆಯ ಕಾಲ, ಕೆಳದಿಯ ಹಿರಿಯ ವೆಂಕಟಪ್ಪನಾಯಕನ ಏಳಿಗೆಯ ಕಾಲ. ಅಂದಿನಿಂದ ಎಡೆಬಿಡದೆ ನಿಂತ ಕಾನು ಯಾವುದೆಂದು ಹೇಳಲು ನಮಗೆ ಅಂಥ ಹಳೆಯ ನಕ್ಷೆಗಳಿಲ್ಲ. ಇರುವುದು ಶಾಸನಗಳ ಸೀಮಾವಿವರ, ಕಡತಗಳು, ಮನೆಮನೆಯ ಕ್ರಯಪತ್ರಗಳು. ಅವನ್ನು ಈ ಕಣ್ಣಿನಿಂದ ನಾವಿನ್ನೂ ಸಾಕಷ್ಟು ಓದಿಲ್ಲ.

ಮತ್ತೆ ಆ ಪತ್ರಕ್ಕೆ

ಇಂದಿನ ಕಾನೂನಿನಲ್ಲಿ ಹಳೆಯ ಹೆಸರುಗಳು ಅಳಿದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ಕಲಮಿನಲ್ಲಿ ಕುಮ್ಕಿ, ಕಾನೆ, ಬಾಣೆ, ಬೆಟ್ಟ, ಹಾಡಿ, ಕಾನು, ಸೊಪ್ಪಿನ ಬೆಟ್ಟ, ಜಮ್ಮಾ ಎಂಬ ಶಬ್ದಗಳು ಸವಲತ್ತಿನ ನೆಲಗಳ ಹೆಸರಾಗಿ ಉಳಿದಿವೆ. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, 1980ರ ಅರಣ್ಯ ಸಂರಕ್ಷಣಾ ಕಾಯಿದೆಯಲ್ಲಿ ಬರುವ ಕಾಡೆಂಬ ಶಬ್ದಕ್ಕೆ ನಿಘಂಟಿನ ಅರ್ಥವನ್ನೇ ಇಟ್ಟುಕೊಳ್ಳಬೇಕು, ಒಡೆತನ ಯಾರದೇ ಆಗಿರಲಿ ಎಂದು ಆದೇಶಿಸಿತು. ನಿಘಂಟು ಬಳಸಿ ಬದುಕುವ ನಮ್ಮಂಥವರು ಗಮನಿಸಬೇಕಾದ ಮಾತಿದು. ಒಡೆಯನ ಹೆಸರಿಗಿಂತ ನೆಲದ ಮೇಲೆ ಏನು ನಿಂತಿದೆಯೆಂಬುದೇ ಮುಖ್ಯವೆಂಬ ವಿಚಾರ ನ್ಯಾಯಾಲಯದ ಭಾಷೆಯಲ್ಲಿ ಮರಳಿ ಬಂದಂತಾಯಿತು.

ನನ್ನ ವಿದ್ಯಾರ್ಥಿ ಪಹಣಿಯನ್ನು ತೆಗೆಸಿ ನೋಡಿದರು. ಕಾನು ಅಲ್ಲಿ ಬೆಟ್ಟವೆಂದೇ ದಾಖಲಾಗಿತ್ತು. ಮರಗಳಿಗೆಂದು ಸೇರಿಸಿದ್ದ ಬೆಲೆಯನ್ನು ಮಧ್ಯವರ್ತಿ ಕಷ್ಟಪಟ್ಟು ಬಿಟ್ಟುಕೊಟ್ಟ. ಅವರು ತೋಟವನ್ನಷ್ಟೇ ಕೊಂಡರು. ಕಾನು ತಮ್ಮದಾಗಲಿಲ್ಲವೆಂಬ ಬೇಸರ ಅವರಿಗೆ ಬಹಳ ದಿನ ಇತ್ತು. ಹೊಸ ಕ್ರಯಪತ್ರ ಬರೆಸುವಾಗ ಚೌಡಿಗೆ ಕಾಯಿ ಒಪ್ಪಿಸುವ ಸಾಲು ಅನಗತ್ಯವೆಂದು ಬರೆಯುವವರು ಕೈಬಿಡಲು ಹೊರಟರಂತೆ. ಇವರು ಒತ್ತಾಯಿಸಿ ಸೇರಿಸಿದರು. ಕಾನಿಗೂ ಅವರಿಗೂ ಕಾಗದದ ಮೇಲಿರುವ ಸಂಬಂಧ ಇಂದು ಅದೊಂದೇ ಸಾಲು. ಆದರೆ ಎದುರಿನ ಗುಡ್ಡದವರು ಕಾನಿನ ಅಂಚಿನಲ್ಲಿ ಗರಗಸ ಹಾಕಿದ ದಿನ, ಅವರು ಊರವರ ಮುಂದೆ ಇಟ್ಟದ್ದೂ ಆ ಸಾಲನ್ನೇ. ಅಂಚಿನ ಎರಡು ಮರ ಹೋದವು, ಉಳಿದವು ನಿಂತಿವೆ.

ಸಂಶೋಧನೆಯ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಮಲೆನಾಡಿನ ಹಳೆಯ ಮನೆಗಳ ಮರದ ಪೆಟ್ಟಿಗೆಗಳಲ್ಲಿ ಇಂಥ ಪತ್ರಗಳು ಈಗಲೂ ಇವೆ. ಮನೆ ಪಾಲಾದಾಗ, ಅಟ್ಟ ಕಿತ್ತಾಗ ಅವು ಒಲೆ ಸೇರುತ್ತಿವೆ. ಮಾರಿದವನಾರು, ಕೊಂಡವನಾರು, ಎಷ್ಟು ವರಹಕ್ಕೆ ಎಂಬುದನ್ನು ನೋಡಿ ಬದಿಗಿಡದೆ ಚೆಕ್ಕುಬಂದಿಯನ್ನೂ ಓದಿರಿ. ಪೂರ್ವಕ್ಕೆ, ಪಶ್ಚಿಮಕ್ಕೆ ಎಂದು ಬರೆದಲ್ಲಿ ಯಾವ ಕಾನು, ಯಾವ ದೇವರು, ಯಾವ ಒರತೆ ಇದೆಯೆಂದು ಊರೂರಿಗೆ ಪಟ್ಟಿ ಮಾಡಿರಿ. ಆ ಪಟ್ಟಿಯನ್ನು ಹಿಡಿದು ಅದೇ ಜಾಗಕ್ಕೆ ಹೋಗಿ ಇಂದು ಅಲ್ಲಿ ಏನಿದೆಯೆಂದು ನೋಡಿಬನ್ನಿ. ಕಾನು ಯಾರದೆಂಬ ಪ್ರಶ್ನೆಗೆ ನನಗಿಂತ ಮೇಲಾದ ಉತ್ತರ ನಿಮಗೆ ದೊರೆಯಬಹುದು.